ಚೌಕಟ್ಟಿನ ಕಪ್ಪು

ಸುಟ್ಟ ಎಂಜಿನ್ ಆಯಿಲಿನ ವಾಸನೆ ಬಂದರೆ ಇವತ್ತಿಗೂ ನನಗೆ ಅಳವಂಡಿಯ ನಮ್ಮ ಮನೆಯ ಅಂಗಳ ಕಣ್ಣಿಗೆ ಕಟ್ಟುತ್ತದೆ.

ಒಂದು ಮಧ್ಯಾಹ್ನ ಅಪ್ಪ ನಮ್ಮ ಸಣ್ಣ ಎಸ್‌ಯುವಿ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ. ನಟ್ಟು ಬಿಚ್ಚಿದೊಡನೆ ಬೆಚ್ಚಗಿನ ಕಪ್ಪು ಎಣ್ಣೆ ಕಾಕಂಬಿಯಂತೆ ಹಳೆಯ ಬೋಗುಣಿಗೆ ಇಳಿಯಿತು. ಅವನು ಮತ್ತೆ ನಟ್ಟು ಬಿಗಿದ ಮೇಲೆ ಹೊಸ ಎಣ್ಣೆ ಸುರಿದವಳು ಅವ್ವ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹರಕು ಸೀರೆಯ ತುಂಡಿನಿಂದ ಒರೆಸಿ, ಅದ್ದಿ, ಬೆಳಕಿಗೆ ಹಿಡಿದು, “ಗೆರಿ ಮುಟ್ಟೇತಿ, ಸಾಕ್ರಿ” ಅಂದಳು. ಬಾನೆಟ್ ಮುಚ್ಚಿದ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

“ನನಗೂ ನಡಸಾಕ ಕಲಸ್ರಿ. ಓಣಿ ತುದಿ ತನಕ ಹೋದ್ರ ಸಾಕು.”

ಅಪ್ಪ ಕೈ ಒರೆಸಿಕೊಳ್ಳುತ್ತ ನಕ್ಕ. “ಮುಂದಿನ ಸಲ ಆಯಿಲ್ ಬದ್ಲಿ ಮಾಡಿದಾಗ ನೋಡೂಣು ತಗೋ.”

ಅವ್ವ ಗೆದ್ದಲು ಹತ್ತದಿರಲೆಂದು ನಮ್ಮೂರಿನವರೆಲ್ಲ ಮಾಡುವಂತೆ, ಅದೇ ಬಟ್ಟೆಯನ್ನು ಬೋಗುಣಿಯ ಸುಟ್ಟ ಎಣ್ಣೆಯಲ್ಲಿ ಅದ್ದಿ ಮನೆ ಬಾಗಿಲ ಮರದ ಚೌಕಟ್ಟಿಗೆ ಬಳಿದಳು.

ಆಮೇಲೆ ಆಯಿಲ್ ಬದಲಿಸಿದಾಗಲೆಲ್ಲ ಅವ್ವ ಅದನ್ನೇ ಕೇಳಿದಳು, ಅಪ್ಪ ಅದನ್ನೇ ಹೇಳಿದ, ಅವಳು ಮತ್ತೆ ಚೌಕಟ್ಟಿಗೆ ಎಣ್ಣೆ ಬಳಿದಳು. ಕಾರು ಮಾರುವ ಹೊತ್ತಿಗೆ ನಮ್ಮ ಚೌಕಟ್ಟು ಇದ್ದಿಲಿನಷ್ಟು ಕಪ್ಪಾಗಿತ್ತು.