ಔಷಧಿ ಇಡುತ್ತಿದ್ದ ಜಾಗ

"ಅಣ್ಣ, ಅದನ್ನ ಕೆಳಗಿಡು," ಎಂದಳು ತಂಗಿ. ಅಣ್ಣ ಆಗಲೇ ಬಿಳಿ ವೈನಿನ ಬಾಟಲಿಯ ಬಿರಡೆ ಕಿತ್ತು, ಅದನ್ನು ಸಿಂಕಿನ ಮೇಲೆ ಓರೆ ಮಾಡಿ ಹಿಡಿದಿದ್ದ. ತಣ್ಣೀರಿಗೆಂದು ಫ್ರಿಜ್ಜು ತೆರೆದವನಿಗೆ ಬಾಗಿಲಿನ ಖಾನೆಯಲ್ಲಿ ಅರ್ಧ ಖಾಲಿಯಾದ ಬಾಟಲಿ ಕಂಡು ಮೈಯೆಲ್ಲ ಉರಿದಿತ್ತು.

"ಭಾವನ ಇನ್ಸುಲಿನ್ ಇಡ್ತಿದ್ದ ಜಾಗ ಇದು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನೋಡಿದವರು ಏನಂದ್ಕೋತಾರೆ? ಹೇಗೂ ಬಿಚ್ಚಿದ್ದು ಕೆಟ್ಟುಹೋಗುತ್ತೆ, ಚೆಲ್ಬಿಡ್ತೀನಿ."

"ಕೆಡಲ್ಲ," ಎಂದು ಅವಳು ಬಾಟಲಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಗಂಡನ ಔಷಧಿಗಳನ್ನು ವರ್ಷಗಟ್ಟಲೆ ಆ ಖಾನೆಯಲ್ಲಿ ಜೋಪಾನ ಮಾಡಿದವಳು ಅವಳೇ. ಆಗೆಲ್ಲ ಈ ಅಣ್ಣ ಫೋನಿನಲ್ಲಿ "ಗಟ್ಟಿಯಾಗಿರಮ್ಮ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದ. ಅವಳು ಚಿಕ್ಕದೊಂದು ಗಾಜಿನ ಬಾಟಲಿ ತೊಳೆದು ಒರೆಸಿ, ಉಳಿದ ವೈನನ್ನು ಅದರ ಕುತ್ತಿಗೆಯವರೆಗೂ ತುಂಬಿದಳು. ಒಳಗೆ ಗಾಳಿಗೆ ಜಾಗವಿಲ್ಲದಿದ್ದರೆ ರುಚಿ ಬೇಗ ಕೆಡುವುದಿಲ್ಲ. ಮುಚ್ಚಳ ಬಿಗಿದು, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಅದೇ ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿದಳು.

"ಹಿಂದಕ್ಕಾದ್ರೂ ಇಡೇ, ಸೊಪ್ಪಿನ ಮರೆಗೆ," ಎಂದ ಅಣ್ಣ. ಅವನ ದನಿ ಅರ್ಧಕ್ಕೆ ಇಳಿದಿತ್ತು.

"ನನ್ನ ಮನೇಲಿ ನಾನು ಯಾರಿಗೆ ಹೆದರಿ ಬಚ್ಚಿಡ್ಲಿ? ದಿನಾ ಸಂಜೆ ಒಂದು ಪುಟ್ಟ ಲೋಟ ಕುಡೀತೀನಿ, ಭಾನುವಾರದವರೆಗೂ ಬರುತ್ತೆ. ಜೊತೇಲಿ ಕೂರೋಕೆ ಬರೋದಾದ್ರೆ ಬಾ, ನಿನಗೂ ಕೊಡ್ತೀನಿ. ಚೆಲ್ಲೋಕೆ ಬರೋದಾದ್ರೆ ಮಾತ್ರ ಬೆಲ್ ಒತ್ಬೇಡ."