ಕಬ್ಬಿಣದ ಸೇತುವೆಯ ನಡುಮಧ್ಯೆ

ಯಾರದಾದರೂ ಗೇಟಿಗೆ ಕೆಂಪು ಪ್ರೈಮರ್ ಬಳಿಯುತ್ತಿದ್ದರೆ ನಾನು ಈಗಲೂ ಆ ವಾಸನೆಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಅಜ್ಜಿಯ ಜೊತೆ ಬಸ್ಸಿನಲ್ಲಿ ಹಾನಗಲ್ಲಿನಿಂದ ತಿಳವಳ್ಳಿಗೆ ಹೊರಟಿದ್ದೆ. ದಾರಿಯಲ್ಲಿ ಹೊಳೆಯ ಹಳೆಯ ಕಬ್ಬಿಣದ ಸೇತುವೆಗೆ ಅದೇ ಬಣ್ಣ ಹಚ್ಚುತ್ತಿದ್ದರು. ಭಾರ ಹೆಚ್ಚಾಗಬಾರದೆಂದು ನಮ್ಮನ್ನೆಲ್ಲ ಇಳಿಸಿ ಬಸ್ಸು ಖಾಲಿಯಾಗಿ ಮುಂದೆ ದಾಟಿತು; ನಾವು ಹಿಂದೆ ನಡೆದೆವು. ತಲೆಯ ಮೇಲೆ ತೊಲೆಗಳು ಅಡ್ಡಡ್ಡ ಹೆಣೆದುಕೊಂಡಿದ್ದವು. ಮೊಳೆಗಳ ಗುಂಡು ತಲೆಗಳನ್ನು ಮುಟ್ಟುತ್ತ ಹೋಗುತ್ತಿದ್ದ ನಾನು ತಿರುಗಿ ನೋಡಿದರೆ, ಅಜ್ಜಿ ನಡುಮಧ್ಯೆ ನಿಂತುಬಿಟ್ಟಿದ್ದಳು.

“ಯಾಕ ನಿಂತಿ ಅಜ್ಜಿ?”

“ನಾ ಹುಟ್ಟಿದ್ದು ಇಲ್ಲೇ,” ಎಂದಳು.

ನನಗೆ ನಗು ಬಂತು. “ಬ್ರಿಜ್ಜಿನ ಮ್ಯಾಲ ಯಾರರ ಹುಟ್ಟತಾರೇನು?”

“ಆವಾಗ ಇದನ್ನ ಇನ್ನೂ ಕಟ್ಟಾಕತ್ತಿದ್ರು. ಹೊಳಿ ತುಂಬಿತ್ತು, ದೋಣಿ ಬಿಡಲಿಲ್ಲ. ಅವ್ವಗ ಬ್ಯಾನಿ ಸುರುವಾತು. ಸೂಲಗಿತ್ತಿ ಇದ್ದದ್ದು ಆಚೆ ದಂಡಿ ಊರಾಗ. ಕೆಲಸದವರ ಹಲಗಿ ಹಾಸಿ, ಅವ್ವನ್ನ ಹೊರಸಿನ ಮ್ಯಾಲ ಹೊತ್ಕೊಂಡು ಹೊಂಟ್ರಂತ.”

“ಯಾರು ಹೇಳಿದ್ರು? ನಿಮ್ಮವ್ವನ?”

“ನಮ್ಮಪ್ಪ.”

“ನಿಮ್ಮವ್ವ ಹೆಂಗಿದ್ದಳು?”

ಅಜ್ಜಿ ಇನ್ನೂ ಬಣ್ಣ ಹಚ್ಚದ ತೊಲೆಯೊಂದರ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಅದು ಕಾದಿತ್ತು. ಆದರೂ ಕೈ ತೆಗೆಯಲಿಲ್ಲ.

“ನಾ ಆಕೀನ್ನ ನೋಡೇ ಇಲ್ಲ. ಆಚೆ ದಂಡಿಗೆ ಜೀವ ಹಿಡ್ಕೊಂಡು ಮುಟ್ಟಿದಾಕಿ ನಾ ಒಬ್ಬಾಕಿನ.”

ಕಂಡಕ್ಟರ್ ಆಚೆಯಿಂದ, “ಲಗೂ ಬರ್ರಿ ಅಜ್ಜಿ,” ಎಂದು ಕೂಗಿದ. ಅಜ್ಜಿ ಅವಸರ ಮಾಡಲಿಲ್ಲ. ನನಗೆ ಕೇಳುವುದು ಇನ್ನೂ ಬೇಕಾದಷ್ಟಿತ್ತು. ಆದರೆ ಅವಳು ಅಲ್ಲಿಂದ ಕದಲುವವರೆಗೂ ನಾನು ಅವಳ ಪಕ್ಕದಲ್ಲೇ ನಿಂತೆ.