ನಿಂಬೆವ್ವನ ಹಿರೇತನ

ಕೌದಿ ಹೊಲಿಯುವ ಹೆಂಗಸರ ಸಂಘಕ್ಕೆ ನಿಂಬೆವ್ವ ಮೊದಲಿನಿಂದಲೂ ಹಿರಿಯಳು. ಈಗ ಅವಳಿಗೊಬ್ಬ ಜೊತೆಗಾರ್ತಿ ಬೇಕೆಂಬ ಮಾತು ಎದ್ದಿತ್ತು. ಅಂದು ಬೇವಿನ ನೆರಳಲ್ಲಿ ಎಲ್ಲರೂ ಸುತ್ತ ಕುಳಿತು, ಹಳೆಯ ಸೀರೆಗಳ ದೊಡ್ಡ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು ಹೊಲಿಯುತ್ತಿದ್ದಾಗ, ಕಿರಿಯಳಾದ ದಾನಮ್ಮ ಮೆಲ್ಲಗೆ ಬಾಯಿ ತೆರೆದಳು.

"ಆಯಿ, ಸಂಘದ ಕೆಲಸದಾಗ ನಾನೂ ನಿಮ್ಮ ಜೋಡಿ ಕೈ ಹಚ್ಚತೇನ್ರಿ. ನಿಮಗ ವಯಸ್ಸಾತು, ಕಣ್ಣೂ…"

"ನನ್ನ ಕಣ್ಣಿಗೆ ಏನ ಧಾಡಿ?" ನಿಂಬೆವ್ವ ಸೂಜಿ ನಿಲ್ಲಿಸಲಿಲ್ಲ. "ನಿನ್ನ ಹೊಲಿಗಿ ನೋಡು, ಕೋಳಿ ಕೆದರಿದಂಗ ಐತಿ. ಇಕಿಗೆ ಹಿರೇತನ ಬೇಕಂತ!"

ಉಳಿದವರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಹಿರೇತನ ನಿಮಗ ಇರಲಿ. ನಾ ಬರೇ ಆಸರ ಆಗ್ತೇನ್ರಿ."

"ನಿನ್ನ ಆಸರ ಮನ್ಯಾಗ ನಿಮ್ಮತ್ತಿಗೆ ಕೊಡು ಹೋಗು. ಹೊತ್ತಿಗೆ ಸರಿಯಾಗಿ ಒಂದು ರೊಟ್ಟಿ ಬಡಿಯಾಕ ಬರೂದಿಲ್ಲ, ಸಂಘ ನಡಸ್ತಾಳಂತ!"

ನಗು ಇನ್ನೂ ಜೋರಾಯಿತು. ಅಷ್ಟರಲ್ಲಿ ದಾನಮ್ಮನ ನೋಟ ನಿಂಬೆವ್ವನ ಮಡಿಲ ಮೇಲೆ ಬಿತ್ತು. ಅವಳು ಹತ್ತಿರ ಸರಿದು ದನಿ ತಗ್ಗಿಸಿದಳು.

"ಆಯಿ, ಜರಾ ಹಂಗ ಕುಂದರ್ರಿ. ಇವರೆಲ್ಲ ಮನಿಗೆ ಹೋಗಲಿ, ಆಮ್ಯಾಲೆ ಒಂದು ಮಾತು ಹೇಳ್ತೇನಿ."

"ಪಿಸುಮಾತು ನನ್ನ ಹಂತೇಕ ನಡಿಯೂದಿಲ್ಲ. ಇಂಥಾಕಿ ಇರೂ ಸಂಘದಾಗ ನಾ ಇರೂದಿಲ್ಲ!"

"ಏಳಬ್ಯಾಡ್ರಿ ಆಯಿ, ನಿಮ್ಮ ಕಾಲಿಗೆ ಬೀಳ್ತೇನಿ."

"ಬೀಳು!"

ನಿಂಬೆವ್ವ ಸೆರಗು ಕೊಡವಿ ಎದ್ದು ನಿಂತಳು. ಅವಳ ಸೀರೆಗೇ ಹೊಲಿದುಕೊಂಡಿದ್ದ ಕೌದಿಯೂ ಎಲ್ಲರ ತೊಡೆಯಿಂದ ಜಾರಿ ಅವಳ ಜೊತೆಗೇ ಎದ್ದಿತು.